ಮಾತು ಬೇಡದ ದಿನ

ನಮ್ಮೂರಿನಲ್ಲಿ ಕಟ್ಟೆಯ ಮೇಲಿನ ಬರಹವನ್ನು ತೆಗೆದುಹಾಕಿದರೆ, ಬರೆದವರ ಮಾತು ಮಾರನೆಯ ಬೆಳಗಿನವರೆಗೆ ನಿಂತುಹೋಗುತ್ತದೆ. ಗಂಟಲು ನೋಯುವುದಿಲ್ಲ, ಜ್ವರ ಬರುವುದಿಲ್ಲ. ಬಾಯಿ ತೆರೆದರೆ ಸದ್ದು ಹೊರಡುವುದಿಲ್ಲ, ಅಷ್ಟೆ. ಕಟ್ಟೆ ಅಂದರೆ ಅರಳಿಮರದ ಬುಡದ ಕಟ್ಟೆಯಲ್ಲ. ಗಿರಗಿಟ್ಲೆ ಎಂಬ ಆನ್‌ಲೈನ್ ಆಟದಂಗಡಿಯವರು ತಮ್ಮ ಗಿರಾಕಿಗಳು ಒಬ್ಬರಿಗೊಬ್ಬರು ಬರೆದುಕೊಳ್ಳಲಿ ಎಂದು ಅಂತರ್ಜಾಲದಲ್ಲಿ ತೆರೆದಿಟ್ಟ ಜಾಗ. ಊರಿನ ಮುಕ್ಕಾಲು ಪಾಲು ಜನ ಗಿರಗಿಟ್ಲೆಯಲ್ಲಿ ಆಟ ಕೊಳ್ಳುವವರು, ಹಾಗಾಗಿ ಮುಕ್ಕಾಲು ಪಾಲು ಜನ ಕಟ್ಟೆಯ ಮೇಲೆ ಇರುವವರು. ಯಾವ ಆಟದಲ್ಲಿ ಯಾವ ಬಾಗಿಲು ಹೇಗೆ ತೆರೆಯುತ್ತದೆ ಎಂಬುದರಿಂದ ಹಿಡಿದು, ಯಾವ ಅಂಗಡಿಯ ಹುಣಸೆಹಣ್ಣಿನಲ್ಲಿ ಬೀಜ ಜಾಸ್ತಿ ಎಂಬುದರವರೆಗೆ ಎಲ್ಲವೂ ಅಲ್ಲಿ ಬರುತ್ತಿತ್ತು. ಜಗಳವೂ ಬರುತ್ತಿತ್ತು, ಬೈಗುಳವೂ ಬರುತ್ತಿತ್ತು. ಬೈಗುಳ ಬಂದಾಗ ಅದನ್ನು ತೆಗೆಯುವ ಕೆಲಸ ದಾಕ್ಷಾಯಿಣಿಯದು.

ನಾನು ಅದೇ ಕಚೇರಿಯಲ್ಲಿ ಅವಳ ಎದುರಿನ ಮೇಜಿನಲ್ಲಿ ಕೂತು ಗಿರಾಕಿಗಳ ದೂರಿಗೆ ಉತ್ತರ ಬರೆಯುತ್ತಿದ್ದೆ. ಪಂಪ್‌ಸೆಟ್ ರಿಪೇರಿ ಅಂಗಡಿಯ ಮೇಲಿನ ಮಹಡಿ ನಮ್ಮ ಕಚೇರಿ. ಕೆಳಗೆ ಮೋಟಾರು ಓಡಿದಾಗ ಮೇಜಿನ ಮೇಲಿನ ಚಹಾ ನಡುಗುತ್ತಿತ್ತು. ಅಂಥ ಸದ್ದಿನಲ್ಲೂ ದಾಕ್ಷಾಯಿಣಿ ದನಿ ಏರಿಸಿದವಳಲ್ಲ. ನನಗೆ ಏನಾದರೂ ಹೇಳಬೇಕಿದ್ದರೆ ಮೋಟಾರು ನಿಲ್ಲುವವರೆಗೆ ಕಾಯುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ತಂಗಿಯ ಸಂಸಾರದ ಜೊತೆ ಇದ್ದಳು, ಸಂಜೆ ತಂಗಿಯ ಮಕ್ಕಳ ಜೊತೆ ಕೇರಂ ಆಡಿ ಸೋಲುತ್ತಿದ್ದಳು. ಅವಳ ಬಗ್ಗೆ ಹೇಳಿಕೊಳ್ಳುವಂಥದ್ದು ಅದಕ್ಕಿಂತ ಹೆಚ್ಚು ಏನೂ ಇರಲಿಲ್ಲ. ಇನ್ನು ಮುಂದೆ ನಾನು ಹೇಳುವುದರಲ್ಲಿ ಕೆಲವನ್ನು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಅವಳೇ ಆಮೇಲೆ ನನಗೆ ಹೇಳಿದ್ದಾಳೆ.

ಮಾತು ನಿಂತವರ ಜೊತೆ ಬದುಕುವುದು ಊರಿಗೆ ರೂಢಿಯಾಗಿತ್ತು. ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಸ್ಲೇಟು ತೂಗುಹಾಕಿರುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಬಾಯಿ ಬಿಡದೆ ಕೈ ಆಡಿಸಿದರೆ ಕಂಡಕ್ಟರು, ಕಟ್ಟೆನಾ ಎಂದು ಕೇಳಿ, ಅವರು ತಲೆಯಾಡಿಸಿದರೆ ಊರುಗಳ ಹೆಸರನ್ನು ಒಂದೊಂದಾಗಿ ತಾನೇ ಹೇಳುತ್ತ ಹೋಗುತ್ತಿದ್ದ. ಬೈದು ಬರೆದವನು ಒಂದು ದಿನ ಬಾಯಿ ಮುಚ್ಚಿಕೊಂಡಿರುವುದು ನ್ಯಾಯವೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಆದರೆ ದನಿಯನ್ನೇ ನಂಬಿ ದುಡಿಯುವವರು, ಅಂದರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವವರು, ಹರಾಜಿನವರು, ಮೇಷ್ಟ್ರುಗಳು, ಸಾಮಾನ್ಯವಾಗಿ ಕಟ್ಟೆಯ ಮೇಲೆ ತಾವೇ ಬರೆಯುತ್ತಿರಲಿಲ್ಲ. ಮನೆಯವರಿಂದ ಬರೆಸುತ್ತಿದ್ದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ದಾಕ್ಷಾಯಿಣಿ ಸೊಪ್ಪು ಮಾರುವ ಹೆಂಗಸೊಬ್ಬಳ ಬರಹವನ್ನು ತೆಗೆದಿದ್ದಳು. ಕೆಟ್ಟ ಬೈಗುಳವೇ ಆಗಿತ್ತು, ತೆಗೆದದ್ದು ತಪ್ಪಲ್ಲ. ಆದರೆ ಅಂದು ಸಂತೆ. ಸಂಜೆ ಮೆಂತ್ಯ ಕೊಳ್ಳಲು ಹೋದಾಗ ಆ ಹೆಂಗಸು ಬಾಡಿದ ಸೊಪ್ಪಿನ ರಾಶಿಯ ಹಿಂದೆ ಕೂತು ಹೋಗಿಬರುವವರನ್ನೆಲ್ಲ ಕೈ ಬೀಸಿ ಕರೆಯುತ್ತಿದ್ದಳಂತೆ. ಅಕ್ಕಪಕ್ಕದವರು ಕೂಗಿ ಕೂಗಿ ಗಿರಾಕಿಗಳನ್ನು ಎಳೆದುಕೊಳ್ಳುತ್ತಿದ್ದರಂತೆ. ಅಂದಿನಿಂದ ದಾಕ್ಷಾಯಿಣಿ ಕೇಳದೆ ಯಾರ ಬರಹವನ್ನೂ ತೆಗೆಯಲಿಲ್ಲ. ಬರೆದವರಿಗೆ ಮೊದಲು ಒಂದು ಸಂದೇಶ ಕಳಿಸುತ್ತಿದ್ದಳು: ನಿಮ್ಮ ಈ ಬರಹ ತೆಗೆಯಬೇಕಾಗಿದೆ, ಯಾವ ದಿನ ನಿಮಗೆ ಮಾತು ಬೇಡ ಎಂದು ತಿಳಿಸಿ. ಜನ ಯೋಚಿಸಿ ಉತ್ತರ ಕೊಡುತ್ತಿದ್ದರು. ವಕೀಲರ ಗುಮಾಸ್ತನೊಬ್ಬ ಕೋರ್ಟಿನ ರಜೆ ನೋಡಿ ದಿನ ಹೇಳಿದ. ಒಬ್ಬ ಸೊಸೆ, ಅತ್ತೆಯ ತವರಿನವರು ಬರುವ ದಿನವೇ ಆಗಲಿ, ತಪ್ಪಿಸಬೇಡಿ ಎಂದು ಬರೆದಳು. ಅಲ್ಲಿಯವರೆಗೆ ಆ ಬೈಗುಳ ಕಟ್ಟೆಯ ಮೇಲೆ ಹಾಗೇ ಇರುತ್ತಿತ್ತು. ಬೈಸಿಕೊಂಡವರೂ ತಾಳಿಕೊಳ್ಳುತ್ತಿದ್ದರು. ಮುಂದೊಂದು ದಿನ ತಾವೂ ದಿನ ಹೇಳಬೇಕಾಗಿ ಬರಬಹುದು ಎಂದು ಅವರಿಗೂ ಗೊತ್ತಿತ್ತು.

ಹೀಗಿರುವಾಗ ಸುಧನ್ವ ಎಂಬವರು ನಮಗೆ ಮ್ಯಾನೇಜರಾಗಿ ಬಂದರು. ಬೇರೆ ಊರಿನವರು, ಚಿಕ್ಕ ವಯಸ್ಸು, ಒಳ್ಳೆಯ ನಡವಳಿಕೆ. ಚಹಾ ಕುಡಿದ ಲೋಟವನ್ನು ತಾವೇ ತೊಳೆದಿಡುತ್ತಿದ್ದರು. ಸೇವೆಯ ಗುಣಮಟ್ಟ ಏರಿಸಬೇಕು ಎಂದು ಹೆಡ್ ಆಫೀಸಿನವರು ಅವರನ್ನು ಕಳಿಸಿದ್ದರು. ಗುಣಮಟ್ಟವನ್ನು ಅವರು ಅಳೆಯುತ್ತಿದ್ದದ್ದು ಒಂದೇ ರೀತಿಯಲ್ಲಿ: ಕಟ್ಟೆಯ ಮೇಲೆ ಪರಿಹಾರವಾಗದ ದೂರು ಎಷ್ಟು ನಿಂತಿದೆ, ತೆಗೆಯಬೇಕಾದ ಬರಹ ಎಷ್ಟು ಹೊತ್ತು ಉಳಿದಿದೆ. ದಾಕ್ಷಾಯಿಣಿಯ ಪದ್ಧತಿ ಅವರಿಗೆ ಅರ್ಥವಾಗಲಿಲ್ಲ. ನಿಮಿಷದಲ್ಲಿ ಆಗುವ ಕೆಲಸಕ್ಕೆ ವಾರ ಯಾಕೆ ಎಂದು ಕೇಳಿದರು. ಅವಳು ಕಾರಣ ಹೇಳಿದಾಗ ನಕ್ಕು ಸುಮ್ಮನಾದರು. ಊರಿನಲ್ಲಿ ಬಾಯಿ ಮುಚ್ಚಿಕೊಂಡು ಓಡಾಡುವವರನ್ನು ಅವರು ನೋಡಿರಲಿಲ್ಲವೆಂದಲ್ಲ. ಇದು ಇಲ್ಲಿನ ಒಂದು ವ್ರತ ಇರಬೇಕು, ತಪ್ಪು ಮಾಡಿದವರು ತಾವಾಗಿಯೇ ಮೌನ ಹಿಡಿಯುತ್ತಾರೆ ಎಂದುಕೊಂಡಿದ್ದರು. ಹಾಗೆಂದು ನನಗೆ ಆಮೇಲೆ ಅವರೇ ಹೇಳಿದರು.

ಆ ವರ್ಷ ಗಿರಗಿಟ್ಲೆಯವರು ಹೊಳೆದಾಟು ಎಂಬ ಆಟದ ಹೊಸ ಆವೃತ್ತಿಯನ್ನು ಬಿಟ್ಟರು. ದೋಣಿಯೊಂದನ್ನು ಹಂತ ಹಂತವಾಗಿ ಹೊಳೆ ದಾಟಿಸುವ ಆಟ. ಹೊಸ ಆವೃತ್ತಿ ಬಂದ ಮೇಲೆ ಒಂಬತ್ತನೇ ಹಂತದಲ್ಲಿ ದೋಣಿ ಜೊಂಡಿಗೆ ಸಿಕ್ಕಿ ಕದಲದೆ ನಿಲ್ಲತೊಡಗಿತು. ಆಡುವವರ ತಪ್ಪಲ್ಲ, ಆಟದ ತಪ್ಪು. ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ಕಟ್ಟೆಯ ತುಂಬ ಅದೇ ದೂರು. ಹೆಡ್ ಆಫೀಸಿನವರು ಸರಿಮಾಡಲಿಲ್ಲ. ಬದಲಿಗೆ ನನಗೊಂದು ಸಿದ್ಧ ಉತ್ತರ ಕೊಟ್ಟಿದ್ದರು: ನಿಮ್ಮ ಅನುಭವ ನಮಗೆ ಅಮೂಲ್ಯ, ದಯವಿಟ್ಟು ಆಟವನ್ನು ಮುಚ್ಚಿ ಮತ್ತೆ ತೆರೆಯಿರಿ. ನಾನು ಅದನ್ನೇ ಎಲ್ಲರಿಗೂ ಅಂಟಿಸುತ್ತಿದ್ದೆ. ಮುಚ್ಚಿ ತೆರೆದರೂ ದೋಣಿ ಅಲ್ಲೇ ಇರುತ್ತಿತ್ತು.

ಊರಾಚೆ ಕಲ್ಲಿನ ಕ್ವಾರಿ ಇದೆ. ಅಲ್ಲಿ ಹಾಲಪ್ಪ ಎಂಬವನು ಕೂಗುವ ಕೆಲಸದಲ್ಲಿದ್ದ. ಬಂಡೆ ಸಿಡಿಸುವ ಮುಂಚೆ ಮೇಲಿನ ದಿಣ್ಣೆಯಲ್ಲಿ ಕೆಂಪು ಬಟ್ಟೆ ಹಿಡಿದು ನಿಂತು, ಕೆಳಗಿನವರೆಲ್ಲ ಹೊರಗೆ ಬರುವಂತೆ ಕೂಗುವುದು ಅವನ ಕೆಲಸ. ಸೈರನ್ನು ಹಾಕಿಸಿ ನೋಡಿದ್ದರು. ಪಕ್ಕದ ಅಕ್ಕಿ ಗಿರಣಿಯ ಸೈರನ್ನಿಗೂ ಅದಕ್ಕೂ ವ್ಯತ್ಯಾಸ ತಿಳಿಯದೆ ಜನಕ್ಕೆ ಗೊಂದಲವಾಗಿ, ಮತ್ತೆ ಮನುಷ್ಯನ ದನಿಯೇ ವಾಸಿ ಎಂದು ಬಿಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಕ್ವಾರಿಯವರೆಲ್ಲ ಶೆಡ್ಡಿನ ನೆರಳಿನಲ್ಲಿ ಹಾಲಪ್ಪನ ಒಂದೇ ಫೋನಿನ ಸುತ್ತ ಕೂತು ಹೊಳೆದಾಟು ಆಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಹಂತ. ದೋಣಿ ಜೊಂಡಿಗೆ ಸಿಕ್ಕಿದ ಮೇಲೆ ಶೆಡ್ಡಿನಲ್ಲಿ ಮಧ್ಯಾಹ್ನ ಕಳೆಯುವುದೇ ಕಷ್ಟವಾಯಿತಂತೆ. ಹಾಲಪ್ಪ ಮೊದಲು ಹೆಂಡತಿ ಸಾಕಮ್ಮನಿಂದ ದೂರು ಬರೆಸಿದ. ನಾನು ಅವಳಿಗೂ ಅದೇ ಸಿದ್ಧ ಉತ್ತರ ಅಂಟಿಸಿದೆ. ಎಲ್ಲರೂ ಒತ್ತಾಯ ಮಾಡಿದ್ದರಿಂದ ಅವನು ಕಲ್ಲುದೋಣಿ ಎಂಬ ಅಡ್ಡಹೆಸರಿಟ್ಟುಕೊಂಡು ತಾನೇ ಬರೆದ. ನಾವು ಮುಚ್ಚಿ ತೆರೆದು ಸಾಕಾಗಿದೆ, ಒಮ್ಮೆ ನೀವು ಆಡಿ ನೋಡಿ, ನಿಮ್ಮಿಂದ ದಾಟಿಸಲಿಕ್ಕೆ ಆದರೆ ಹೇಗೆ ಎಂದು ಹೇಳಿ ಎಂದು ಅದರಲ್ಲಿತ್ತು. ಬೈಗುಳ ಒಂದೂ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಹೆಡ್ ಆಫೀಸಿನವರು, ಮಧ್ಯಾಹ್ನ ಊಟದ ನಂತರ ಕಟ್ಟೆಯನ್ನು ದೊಡ್ಡವರೊಬ್ಬರು ನೋಡಲಿದ್ದಾರೆ ಎಂದು ಹೇಳಿ ಕಳಿಸಿದರು. ಸುಧನ್ವ ಕಟ್ಟೆ ತೆರೆದು ನೋಡಿದರು. ಮೇಲಿನಿಂದ ಕೆಳಗಿನವರೆಗೆ ಸಿಕ್ಕಿಬಿದ್ದ ದೋಣಿಯ ಮಾತೇ. ಒಂದೇ ದೂರನ್ನು ಪದೇ ಪದೇ ಬರೆಯಬಾರದು ಎಂದು ಕಟ್ಟೆಯ ನಿಯಮವೊಂದಿದೆ, ಅದರ ಪ್ರಕಾರ ಇವನ್ನೆಲ್ಲ ತೆಗೆದುಬಿಡಿ ಎಂದು ದಾಕ್ಷಾಯಿಣಿಗೆ ಹೇಳಿದರು. ಕೆಳಗೆ ಮೋಟಾರು ಓಡುತ್ತಿತ್ತು. ಅದು ನಿಲ್ಲಲೆಂದು ಅವಳು ಕಾದಳು.

"ಸಂಜೆವರೆಗೆ ಟೈಮ್ ಕೊಡಿ ಸರ್," ಎಂದಳು. "ಈಗ ಎಲ್ಲರೂ ಕೆಲಸದ ಮೇಲೆ ಇರ್ತಾರೆ. ಕೇಳದೆ ತೆಗೆದ್ರೆ ಯಾರಿಗೆ ಏನಾಗುತ್ತೆ ಅಂತ ಹೇಳೋಕಾಗಲ್ಲ."

"ಸಂಜೆಗೆ ತೆಗೆದು ಏನು ಮಾಡೋದು, ಅವರು ನೋಡೋದು ಮಧ್ಯಾಹ್ನ," ಎಂದರು ಸುಧನ್ವ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ನಿಮಗೆ ಕಷ್ಟ ಅಂದ್ರೆ ಬಿಡಿ, ನಾನೇ ತೆಗೀತೀನಿ. ನಂಗೆ ಆಯ್ಕೆ ಮಾಡ್ತಾ ಕೂರೋಕೆ ಬರಲ್ಲ. ಎಲ್ಲಾ ಒಂದೇ ಸಲ ತೆಗೀತೀನಿ."

ದಾಕ್ಷಾಯಿಣಿ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅವರು ತೆಗೆದರೆ ಎಲ್ಲರ ಮಾತೂ ಹೋಗುತ್ತದೆ, ತಾನು ತೆಗೆದರೆ ಆರಿಸಿ ತೆಗೆಯಬಹುದು ಎಂದು ಅವಳ ಲೆಕ್ಕ. ಊರಿನವರ ಅಡ್ಡಹೆಸರುಗಳೆಲ್ಲ ಅವಳಿಗೆ ಹೆಚ್ಚುಕಡಿಮೆ ಗೊತ್ತಿದ್ದವು. ಮೇಷ್ಟ್ರ ಮನೆಯವರದ್ದನ್ನು ಬಿಟ್ಟಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿರುವ ನರ್ಸಮ್ಮನದ್ದನ್ನು, ಮಲಗಿದ್ದಾಳಲ್ಲ ಎಂದು ತೆಗೆದಳು. ಅಂಗಡಿ ಮುಚ್ಚಿ ಊರಿಗೆ ಹೋದವನದ್ದನ್ನು ತೆಗೆದಳು. ಕಲ್ಲುದೋಣಿ ಎಂಬ ಹೆಸರು ಬಂದಾಗ ಸ್ವಲ್ಪ ತಡೆದಳು. ಹೊಸ ಹೆಸರು. ಕೆಲಸವಿಲ್ಲದ ಯಾವನೋ ಹುಡುಗ ಇರಬೇಕು ಎಂದುಕೊಂಡು ತೆಗೆದಳು. ಕಟ್ಟೆ ಸ್ವಚ್ಛವಾಯಿತು. ಸುಧನ್ವ ಧನ್ಯವಾದ ಹೇಳಿ ಹೊರಗೆ ಹೋಗಿ ಎಲ್ಲರಿಗೂ ಎಳನೀರು ತರಿಸಿದರು.

ಅದೇ ಹೊತ್ತಿಗೆ ಕ್ವಾರಿಯಲ್ಲಿ ಹಾಲಪ್ಪ ದಿಣ್ಣೆಯ ಮೇಲೆ ನಿಂತಿದ್ದ. ಮೊದಲನೇ ಕೂಗು ಕೂಗಿ ಆಗಿತ್ತು. ಕೆಳಗಿನವರು ಹಾರೆ, ಸುತ್ತಿಗೆ ಬಿಟ್ಟು ಹೊರಗೆ ಬಂದಿದ್ದರು. ಮದ್ದಿನ ಬತ್ತಿಗೆ ಬೆಂಕಿ ಹಚ್ಚಿದವನು ಓಡಿಬಂದು ಬಂಡೆಯ ಮರೆಗೆ ಕೂತಿದ್ದ. ಆಗ ಕಲ್ಲು ಒಡೆಯುವ ಕೆಂಚಮ್ಮ ಯಾರೂ ಗಮನಿಸದಂತೆ ಗುಂಪಿನಿಂದ ಬಿಡಿಸಿಕೊಂಡು ಹಿಂದಕ್ಕೆ ನಡೆದಳು. ಎಲೆಅಡಿಕೆಯ ಚೀಲವನ್ನು ಗುಂಡಿಯಲ್ಲೇ ಬಿಟ್ಟುಬಂದಿದ್ದಳು. ಇನ್ನೂ ಹೊತ್ತಿದೆ, ಹೊತ್ತಿಲ್ಲದಿದ್ದರೆ ಹಾಲಪ್ಪ ಕೂಗುತ್ತಾನಲ್ಲ ಎಂದು ಅವಳ ಎಣಿಕೆ. ಎಷ್ಟೋ ವರ್ಷದಿಂದ ಅವಳು ಅವನ ದನಿಯನ್ನು ನಂಬಿಯೇ ಗುಂಡಿಗೆ ಇಳಿಯುತ್ತಿದ್ದಳು, ಹತ್ತುತ್ತಿದ್ದಳು. ಹಾಲಪ್ಪ ಅವಳನ್ನು ನೋಡಿದ. ಕೂಗಲು ಬಾಯಿ ತೆರೆದ. ಏನೂ ಬರಲಿಲ್ಲ.

ಮೊದಲು ಗಂಟಲು ಕಟ್ಟಿದೆ ಎಂದುಕೊಂಡನಂತೆ. ಇನ್ನೊಮ್ಮೆ ಕೂಗಿ ನೋಡಿದಾಗ ವಿಷಯ ತಿಳಿಯಿತು. ಕೈಯಲ್ಲಿದ್ದ ಕೆಂಪು ಬಟ್ಟೆಯನ್ನು ಬೀಸಿದ, ಅವಳ ಬೆನ್ನು ಇವನ ಕಡೆ ಇತ್ತು. ಕಲ್ಲೊಂದನ್ನು ಎಸೆದ, ಅದು ಎಲ್ಲೋ ಬಿತ್ತು. ಆಮೇಲೆ ಅವನು ದಿಣ್ಣೆಯಿಂದ ಜಾರಿ ಗುಂಡಿಗೆ ಇಳಿದು ಓಡಿದ. ಓಡಿ ಕೆಂಚಮ್ಮನನ್ನು ಹಿಡಿದು ಚಾಚಿಕೊಂಡಿದ್ದ ಬಂಡೆಯೊಂದರ ಅಡಿಗೆ ತಳ್ಳಿದ, ತಾನೂ ನುಗ್ಗಿದ. ಬಂಡೆ ಸಿಡಿಯುವ ಹೊತ್ತಿಗೆ ಅವನ ಮೈಯೆಲ್ಲ ಒಳಗೆ ಬಂದಿತ್ತು, ಬಲಗಾಲು ಇನ್ನೂ ಹೊರಗಿತ್ತು.

ನಮಗೆ ಸುದ್ದಿ ತಂದವಳು ಕೆಂಚಮ್ಮನೇ. ಕೂದಲಲ್ಲಿ ಧೂಳು, ಸೀರೆಯ ತುಂಬ ರಕ್ತ, ಅದು ಅವಳದ್ದಲ್ಲ. ಮಹಡಿ ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಒಂದು ಕಿವಿ ಕೇಳಿಸುತ್ತಿರಲಿಲ್ಲವಾದ್ದರಿಂದ ಜೋರಾಗಿ ಮಾತಾಡಿದಳು.

"ಇಲ್ಲಿ ಮಾತು ತೆಗೆಯೋರು ಯಾರು?" ಎಂದು ಕೇಳಿದಳು.

ದಾಕ್ಷಾಯಿಣಿ ಎದ್ದು ನಿಂತಳು. ಕೆಂಚಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಡೆಯುತ್ತಾಳೆ ಎಂದು ನಾನು ಅಂದುಕೊಂಡೆ. ಅವಳು ಹೊಡೆಯಲಿಲ್ಲ. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ಹಾಲಪ್ಪನಿಗೆ ಪ್ರಜ್ಞೆ ಇದೆ, ಅಂಥ ನೋವಿನಲ್ಲೂ ಅವನಿಂದ ನರಳಲಿಕ್ಕೆ ಕೂಡ ಆಗುತ್ತಿಲ್ಲ, ಬಾಯಿ ತೆರೆದುಕೊಂಡು ಮಲಗಿದ್ದಾನೆ ಎಂದು ಹೇಳಿ ಇಳಿದು ಹೋದಳು. ಸುಧನ್ವ ಅಷ್ಟೂ ಹೊತ್ತು ಗೋಡೆಗೆ ಒರಗಿ ನಿಂತಿದ್ದರು. ಇದು ನಿಜವೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು. ನಿಜ ಎಂದೆ. ದಾಕ್ಷಾಯಿಣಿ ಆಗಲೇ ಹಾಲಪ್ಪನ ಬರಹವನ್ನು ವಾಪಸು ಹಾಕಲು ನೋಡುತ್ತಿದ್ದಳು. ವಾಪಸು ಹಾಕಿದರೂ ಮಾತು ಬೆಳಗಿಗಿಂತ ಮುಂಚೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಆದರೂ ಹಾಕಿದಳು.

ಮಾರನೆಯ ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೋದಳು. ಹಾಲಪ್ಪನ ಮೊಣಕಾಲಿನ ಕೆಳಗೆ ಮೂಳೆ ಪುಡಿಯಾಗಿತ್ತು, ಇನ್ನು ದಿಣ್ಣೆ ಹತ್ತುವ ಕೆಲಸ ಆಗದು ಎಂದು ಡಾಕ್ಟರು ಹೇಳಿದ್ದರು. ಮಾತು ಮರಳಿ ಬಂದಿತ್ತು. ಸಾಕಮ್ಮ ಗಂಡನಿಗೆ ಗಂಜಿ ಕುಡಿಸುತ್ತಿದ್ದವಳು ದಾಕ್ಷಾಯಿಣಿಯನ್ನು ಕಂಡು ಮುಖ ತಿರುಗಿಸಿದಳು. ದಾಕ್ಷಾಯಿಣಿ ಸುತ್ತುಬಳಸದೆ, ತೆಗೆದವಳು ನಾನೇ ಎಂದಳು.

"ಗೊತ್ತೈತೆ," ಎಂದ ಹಾಲಪ್ಪ. "ನೀವು ಕೇಳ್ದೆ ತೆಗೆಯಲ್ಲ ಅಂತ ಊರೆಲ್ಲ ಅಂತಾರೆ. ಆ ಧೈರ್ಯದ ಮ್ಯಾಲೆ ನಾ ಬರ್ದೆ. ಇಲ್ದಿದ್ರೆ ಬರೀತಿದ್ನಾ?"

ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತಂತೆ. ಹಾಲಪ್ಪ ಕಾಲಿನ ವಿಷಯ ಎತ್ತಲೇ ಇಲ್ಲ. ದಿಣ್ಣೆಯ ಮೇಲೆ ಈಗ ಯಾರನ್ನು ನಿಲ್ಲಿಸಿದ್ದಾರೋ ಎಂಬುದೊಂದೇ ಅವನ ಚಿಂತೆ. ಇಬ್ಬರು ಮೂವರ ಹೆಸರು ಹೇಳಿ, ಅವರ್ಯಾರೂ ಆಗಲಿಕ್ಕಿಲ್ಲ, ಒಬ್ಬನಿಗೆ ಕುಡಿತ, ಒಬ್ಬನಿಗೆ ಗಮನ ಒಂದು ಕಡೆ ನಿಲ್ಲುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕ್ವಾರಿಯವರು ಕೆಲಸ ನಿಲ್ಲಿಸಿದ್ದರು. ಎಷ್ಟು ದಿನ ನಿಲ್ಲಿಸಲಾದೀತು?

ಹೆಡ್ ಆಫೀಸಿನವರು ಅಷ್ಟರಲ್ಲಿ ನನಗೊಂದು ಹೊಸ ಸಿದ್ಧ ಉತ್ತರ ಕಳಿಸಿದ್ದರು. ನಡೆದ ಘಟನೆಗೂ ನಮ್ಮ ಮಳಿಗೆಗೂ ಸಂಬಂಧವಿಲ್ಲ, ಗಿರಾಕಿಗಳು ಕಟ್ಟೆಯ ನಿಯಮಗಳನ್ನು ಪಾಲಿಸಬೇಕು ಎಂದು. ಅದನ್ನು ಅಂಟಿಸಬೇಕೇ ಎಂದು ಸುಧನ್ವರನ್ನು ಕೇಳಿದೆ. ಸ್ವಲ್ಪ ತಡೆಯಿರಿ ಎಂದರು. ನಾವು ತಡೆದಿರುವಾಗಲೇ ದಾಕ್ಷಾಯಿಣಿ ಆಸ್ಪತ್ರೆಯಿಂದ ಬಂದು, ಚಪ್ಪಲಿ ಕೂಡ ಬಿಡದೆ ಕೂತು, ಕಟ್ಟೆಯ ಮೇಲೆ ತನ್ನ ಹೆಸರಿನಲ್ಲಿ ಬರೆದಳು. ಅಷ್ಟು ವರ್ಷದಲ್ಲಿ ಅವಳು ಅಲ್ಲಿ ಬರೆದದ್ದು ಅದೇ ಮೊದಲು. ಹಾಲಪ್ಪನ ಬರಹದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ತೆಗೆದವಳು ನಾನು. ಕೇಳದೆ ತೆಗೆದೆ. ದೋಣಿ ಕೆಟ್ಟಿರುವುದು ನಿಜ, ಅದು ನಿಮ್ಮ ಕೈತಪ್ಪಲ್ಲ. ಇಷ್ಟೇ ಇತ್ತು. ಸುಧನ್ವರ ಹೆಸರಿರಲಿಲ್ಲ, ಮ್ಯಾನೇಜರು ಎಂಬ ಪದವೂ ಇರಲಿಲ್ಲ.

ಸಂಜೆಯೊಳಗೆ ಅದರ ಕೆಳಗೆ ಊರೇ ಬಂದು ಬರೆಯಿತು. ಎಂದೂ ಬರೆಯದವರೂ ಬರೆದರು. ಬಸ್ಸು ಕೂಗುವವನು ಬರೆದ, ಆಪರೇಷನ್ ಮಾಡುವ ಡಾಕ್ಟರು ಬರೆದರು, ಹೈಸ್ಕೂಲಿನ ಮೇಷ್ಟ್ರುಗಳೆಲ್ಲ ಬರೆದರು, ಬತ್ತಿಗೆ ಬೆಂಕಿ ಹಚ್ಚುವವನು ಬರೆದ. ಕೆಲವರು ದಾಕ್ಷಾಯಿಣಿಗೆ ಬೈದಿದ್ದರು, ಕೆಲವರು ಅವಳ ಪರವಾಗಿ ಬೈದವರಿಗೆ ಬೈದಿದ್ದರು, ಬಹಳಷ್ಟು ಮಂದಿ ದೋಣಿಯ ಬಗ್ಗೆ ಕೇಳಿದ್ದರು. ಮರುದಿನ ಬೆಳಿಗ್ಗೆ ಹೆಡ್ ಆಫೀಸಿನಿಂದ ಆದೇಶ ಬಂತು: ಆ ಬರಹವನ್ನೂ ಅದರ ಕೆಳಗಿನದೆಲ್ಲವನ್ನೂ ಬುಡಸಮೇತ ತೆಗೆಯಿರಿ.

ಸುಧನ್ವ ಬರೆದವರ ಹೆಸರುಗಳನ್ನೆಲ್ಲ ಮೇಲಿನಿಂದ ಓದಿದರು. ಇವರು ಯಾರು, ಇವರು ಯಾರು ಎಂದು ನನ್ನನ್ನು ಕೇಳುತ್ತ ಹೋದರು. ಡಾಕ್ಟರ ಹೆಸರು ಬಂದಾಗ ನಿಲ್ಲಿಸಿದರು. ಆಮೇಲೆ ದಾಕ್ಷಾಯಿಣಿ ಬರೆದದ್ದನ್ನು ಮತ್ತೊಮ್ಮೆ ಓದಿ, ಅವಳ ಮೇಜಿನ ಹತ್ತಿರ ಹೋಗಿ, ನೀವು ನನ್ನ ಹೆಸರು ಬರೆಯಲಿಲ್ಲ ಎಂದರು. ಒತ್ತಿದ ಬೆರಳು ನನ್ನದು ಎಂದಳು ಅವಳು. ಅವರು ತಮ್ಮ ಜಾಗಕ್ಕೆ ಹೋಗಿ ಅದೇ ಬರಹದ ಕೆಳಗೆ ಒಂದು ಸಾಲು ಸೇರಿಸಿದರು. ತೆಗೆಯಿರಿ ಎಂದು ಹೇಳಿದವನು ನಾನು, ಅವರು ಬೇಡವೆಂದಿದ್ದರು, ಎಂದು. ಕೆಳಗೆ ತಮ್ಮ ಹೆಸರು, ಹುದ್ದೆ.

ಹೆಡ್ ಆಫೀಸಿನವರು ಕಾಯಲಿಲ್ಲ. ಮ್ಯಾನೇಜರೇ ಬರೆದ ಆ ಒಂದು ಸಾಲನ್ನು ಅಲ್ಲಿಂದಲೇ ತೆಗೆದು, ಕೂಡಲೇ ಫೋನು ಮಾಡಿದರು. ಸುಧನ್ವ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು. ಆ ಕಡೆಯಿಂದ, ಸುಧನ್ವ, ಕೇಳಿಸ್ತಿದೆಯಾ ಎಂದು ಕೇಳಿದರು. ಇವರು ಬಾಯಿ ತೆರೆದರು. ಇನ್ನೊಮ್ಮೆ ತೆರೆದರು. ಕೈ ಗಂಟಲಿಗೆ ಹೋಯಿತು. ಆ ಕಡೆಯವರು ಹಲೋ ಹಲೋ ಎನ್ನುತ್ತಲೇ ಇದ್ದರು. ವ್ರತವೆಂದು ತಾವು ತಿಳಿದುಕೊಂಡಿದ್ದದ್ದು ಏನೆಂದು ಅವರಿಗೆ ಪೂರ್ತಿ ಗೊತ್ತಾದದ್ದು ಆಗಲೇ ಇರಬೇಕು.

ದಾಕ್ಷಾಯಿಣಿ ಎದ್ದು ಬಂದು ಫೋನಿನ ಕಡೆ ಬಾಗಿದಳು.

"ಅವರು ಇಲ್ಲೇ ಇದ್ದಾರೆ," ಎಂದಳು. "ನೀವು ಅವರ ಬರಹ ತೆಗೆದ್ರಲ್ಲ, ಅದಕ್ಕೆ ಮಾತಾಡೋಕೆ ಆಗ್ತಿಲ್ಲ. ನಾಳೆ ಬೆಳಿಗ್ಗೆ ಮಾಡಿ."

ತಮಾಷೆ ಮಾಡುತ್ತಿದ್ದೀರಾ ಎಂದು ಆ ಕಡೆಯಿಂದ ಯಾರೋ ಕೇಳಿದರು.

"ಇಲ್ಲ. ಉಳಿದದ್ದನ್ನೂ ಅಲ್ಲಿಂದಲೇ ತೆಗೆಯೋದಾದ್ರೆ ಒಂದು ವಿಷಯ ಹೇಳ್ತೀನಿ. ಅದರಲ್ಲಿ ಆಸ್ಪತ್ರೆಯ ಡಾಕ್ಟರ್ ಇದ್ದಾರೆ. ಈ ಹೊತ್ತಲ್ಲಿ ಅವರ ಮುಂದೆ ಯಾರೋ ಮಲಗಿರ್ತಾರೆ. ಆಮೇಲೆ ಏನಾದ್ರೂ ಆದ್ರೆ, ಗೊತ್ತಿರಲಿಲ್ಲ ಅಂತ ನಿಮಗೆ ಹೇಳೋಕಾಗಲ್ಲ. ಈಗ ಗೊತ್ತಾಯ್ತಲ್ಲ."

ಅವಳು ಇದನ್ನು ಹೇಳುವಾಗ ಕೆಳಗೆ ಮೋಟಾರು ಓಡುತ್ತಿತ್ತು. ನಿಲ್ಲಲೆಂದು ಅವಳು ಕಾದಿರಲಿಲ್ಲ. ಆ ಕಡೆಯವರು ಆಲೋಚಿಸಿ ಹೇಳುತ್ತೇವೆ ಎಂದು ಫೋನಿಟ್ಟರು. ಉಳಿದ ಬರಹಗಳನ್ನು ತೆಗೆಯಲಿಲ್ಲ. ಸುಧನ್ವ ಮಧ್ಯಾಹ್ನ ಊಟಕ್ಕೆ ಹೋದಾಗ ಹೋಟೆಲಿನವನು ಅವರ ಮುಖ ನೋಡಿ, ಏನೂ ಕೇಳದೆ, ಸ್ಲೇಟು ತಂದು ಮುಂದಿಟ್ಟನಂತೆ. ಅವರು ಅದರ ಮೇಲೆ ಏನು ಬರೆಯಬೇಕೆಂದು ತೋಚದೆ ಸುಮಾರು ಹೊತ್ತು ಬಳಪ ಹಿಡಿದು ಕೂತಿದ್ದರಂತೆ.

ದೋಣಿಯನ್ನು ಸರಿಮಾಡಲು ಹೆಡ್ ಆಫೀಸಿನವರಿಗೆ ಆಮೇಲೆ ಹೆಚ್ಚು ಕಾಲ ಹಿಡಿಯಲಿಲ್ಲ. ಜೊಂಡಿನ ಚಿತ್ರವೊಂದನ್ನು ಇರಬಾರದ ಕಡೆ ಇಟ್ಟಿದ್ದರಂತೆ, ಅಷ್ಟೆ. ದಿನ ಕೇಳಿ ತೆಗೆಯುವುದು ಕಟ್ಟೆಯ ನಿಯಮವೇ ಆಯಿತು. ದೂರನ್ನು ದೂರು ಎಂಬ ಕಾರಣಕ್ಕೆ ತೆಗೆಯಬಾರದು ಎಂದೂ ಸುಧನ್ವ ಸೇರಿಸಿದರು. ನನ್ನ ಸಿದ್ಧ ಉತ್ತರಗಳನ್ನು ಅವರು ಅಳಿಸಿಹಾಕಿದರು. ಅಂದಿನಿಂದ ನಾನು ಪ್ರತಿ ದೂರನ್ನೂ ಪೂರ್ತಿ ಓದಬೇಕಾಗಿ ಬಂದು ಮನೆಗೆ ತಡವಾಗಿ ಹೋಗತೊಡಗಿದೆ. ಇಷ್ಟೆಲ್ಲ ಆದಮೇಲೆ ದಾಕ್ಷಾಯಿಣಿ ಕೆಲಸ ಬಿಡುತ್ತೇನೆ ಎಂದಳು. ನಿಯಮ ಮಾಡಿಸಿದವರೇ ನೀವು, ನೀವೇ ಹೋದರೆ ಹೇಗೆ ಎಂದು ಸುಧನ್ವ ಕೇಳಿಕೊಂಡರು. ನಿಯಮ ಇದೆಯಲ್ಲ, ಇನ್ನು ಯಾರು ಬೇಕಾದರೂ ಮಾಡಬಹುದು ಎಂದಳು.

ಅವಳು ಹೋಗುತ್ತಿದ್ದದ್ದು ಆಸ್ಪತ್ರೆಗೆ. ದಿಣ್ಣೆಯ ಮೇಲೆ ನಾನು ನಿಲ್ಲುತ್ತೇನೆ, ಕೂಗುವುದನ್ನು ಕಲಿಸಿ ಎಂದು ಹಾಲಪ್ಪನನ್ನು ಕೇಳಿದ್ದಳು. ಸಾಕಮ್ಮ ಮೊದಲು ನಕ್ಕಳಂತೆ, ಆಮೇಲೆ ಅತ್ತಳಂತೆ. ನಿಮ್ಮ ದನಿ ಈ ಮಂಚದಿಂದ ಆ ಮಂಚಕ್ಕೇ ಹೋಗುವುದಿಲ್ಲ ಎಂದು ಹಾಲಪ್ಪ ಹೇಳಿದ. ಆದರೂ ಕಲಿಸಿದ. ವಾರ್ಡಿನಲ್ಲಿ ಕೂಗುವಂತಿಲ್ಲವಾದ್ದರಿಂದ ಅವಳು ಅವನ ಹತ್ತಿರ ಕೇಳಿಕೊಂಡು, ಕೆರೆಯ ಏರಿಯ ಮೇಲೆ ಹೋಗಿ ಕೂಗಿ ನೋಡಿ, ಹೇಗೆ ಬಂತು ಎಂದು ಮರುದಿನ ಬಂದು ಹೇಳುತ್ತಿದ್ದಳು.

"ಬಾಯಿಂದ ಕೂಗಬ್ಯಾಡ್ರಿ, ಹೊಟ್ಟೆಯಿಂದ ತೆಗೀರಿ," ಎಂದು ಅವನು ಹೇಳಿಕೊಟ್ಟ. "ಹೆಸರು ಹಿಡಿದು ಕೂಗಿದ್ರೆ ಒಬ್ರೇ ತಿರುಗ್ತಾರೆ. ಬರೀ ಹೋ ಅನ್ರಿ, ಎಲ್ಲಾರೂ ತಿರುಗ್ತಾರೆ. ಕೂಗಿದ ಮ್ಯಾಲೆ ಕಣ್ಣು ಕೀಳಬ್ಯಾಡ್ರಿ. ಕೂಗೋದು ಅರ್ಧ ಕೆಲಸ, ನೋಡೋದು ಇನ್ನರ್ಧ."

ಕ್ವಾರಿಯವರು ಒಪ್ಪಲು ತಕರಾರು ಮಾಡಿದರು. ಹಾಲಪ್ಪನ ಮಾತು ತೆಗೆದವಳೇ ಅವನ ಜಾಗಕ್ಕೆ ಬರುವುದು ಎಂದರೆ ಹೇಗೆ ಎಂದು ಕೆಲವರು ಕೇಳಿದರು. ಕೆಂಚಮ್ಮ ಮಾತ್ರ, ಗುಂಡಿಯಲ್ಲಿ ಇರುವವಳು ನಾನು, ನನಗೆ ಕೇಳಿಸಿದರೆ ಸಾಕು, ಕೇಳಿಸದಿದ್ದರೆ ಅವಳು ಮನೆಗೆ ಹೋಗಲಿ ಎಂದಳು. ಅದರ ಮೇಲೆ ಯಾರೂ ಮಾತು ಬೆಳೆಸಲಿಲ್ಲ.

ಮೊದಲ ದಿನ ನಾನು ರಜೆ ಹಾಕಿ ನೋಡಲು ಹೋಗಿದ್ದೆ. ಹಾಲಪ್ಪನನ್ನು ಶೆಡ್ಡಿನ ಮುಂದೆ ಕುರ್ಚಿ ಹಾಕಿ ಕೂರಿಸಿದ್ದರು, ಕಾಲು ಇನ್ನೊಂದು ಕುರ್ಚಿಯ ಮೇಲಿತ್ತು. ದಾಕ್ಷಾಯಿಣಿ ಸೆರಗನ್ನು ಸೊಂಟಕ್ಕೆ ಬಿಗಿದು ದಿಣ್ಣೆ ಹತ್ತಿ ನಿಂತಳು. ಕೆಳಗಿನಿಂದ ನೋಡಿದರೆ ಬಹಳ ಚಿಕ್ಕವಳಾಗಿ ಕಾಣುತ್ತಿದ್ದಳು. ಅವಳ ಮೊದಲನೇ ಕೂಗು ಅರ್ಧ ದಾರಿಗೇ ಬಿತ್ತು. ಗುಂಡಿಯಲ್ಲಿದ್ದ ಒಂದಿಬ್ಬರು ತಲೆಯೆತ್ತಿದರು, ಉಳಿದವರು ಕಲ್ಲು ಒಡೆಯುತ್ತಲೇ ಇದ್ದರು. ಯಾರೋ ನಕ್ಕರು. ಹಾಲಪ್ಪ ನಗಲಿಲ್ಲ. ಅವಳು ಉಸಿರು ಎಳೆದುಕೊಂಡು ಇನ್ನೊಮ್ಮೆ ಕೂಗಿದಳು. ನಾನು ಅಷ್ಟು ವರ್ಷ ಎದುರು ಮೇಜಿನಲ್ಲಿ ಕೂತು ಕೇಳಿದ ದನಿ ಅದಾಗಿರಲಿಲ್ಲ. ಗುಡ್ಡಕ್ಕೆ ಬಡಿದು ವಾಪಸು ಬಂತು. ಸುತ್ತಿಗೆಗಳು ನಿಂತವು. ಜನ ಎದ್ದು ಹೊರಗೆ ಬರತೊಡಗಿದರು. ಕೆಂಚಮ್ಮ ಕೇಳಿಸುವ ಕಿವಿಯನ್ನು ದಿಣ್ಣೆಯ ಕಡೆ ತಿರುಗಿಸಿ ಒಂದು ಗಳಿಗೆ ನಿಂತಳು, ಆಮೇಲೆ ಅವಳೂ ಬಂದಳು.

ಬಂಡೆ ಸಿಡಿಯಿತು. ಧೂಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ನೋಡಿದರೆ ದಾಕ್ಷಾಯಿಣಿ ನಿಂತ ಜಾಗದಲ್ಲೇ ನಿಂತು, ಕೆಳಗಿದ್ದವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದಳು. ಎಲ್ಲರೂ ಇದ್ದರು. ಆಮೇಲೆ ಅವಳು ಇಳಿದು ಬಂದು ಕುಡಿಯಲು ನೀರು ಕೇಳಿದಳು. ದನಿ ಒಡೆದುಹೋಗಿದ್ದರಿಂದ ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಕೆಂಚಮ್ಮನಿಗೆ ತಿಳಿಯಿತು.